ಮನೆ ಸಿಗದೆ ಹೋದ ಟೋಕನ್ ಹಣ: ಮಂಗಳೂರಿನ ಒಂದು ಬಾಡಿಗೆ ಪ್ರಕರಣ

ಬಾಡಿಗೆಗೆ ಮನೆ ಹುಡುಕುವವರಿಂದ ಕರಾರು ಆಗುವ ಮೊದಲೇ ಬ್ರೋಕರ್‌ಗಳು ಹಣ ಪಡೆಯುವುದು ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಹೊಸ ಸಂಗತಿಯೇನಲ್ಲ. ಹೆಸರು ಬರೆಸಿಕೊಳ್ಳಲು ಒಂದಿಷ್ಟು, ಮನೆ ತೋರಿಸಲು ಒಂದಿಷ್ಟು, ಮೆಚ್ಚಿದ ಮನೆಯನ್ನು ಬೇರೆಯವರಿಗೆ ಕೊಡದಂತೆ ಹಿಡಿದಿಡಲು ಟೋಕನ್ ಎಂದು ದೊಡ್ಡದೊಂದು ಮೊತ್ತ, ಕೊನೆಗೆ ಕಮಿಷನ್. ಎಲ್ಲವೂ ಸುಸೂತ್ರವಾಗಿ ನಡೆದು ಬೀಗದ ಕೈ ಸಿಕ್ಕಿದರೆ ಈ ಹಣದ ಬಗ್ಗೆ ಯಾರೂ ಮತ್ತೆ ಮಾತೆತ್ತುವುದಿಲ್ಲ. ಮನೆ ಕೈತಪ್ಪಿದಾಗ ಮಾತ್ರ ಆ ಹಣವನ್ನು ಯಾರ ಪರವಾಗಿ ಪಡೆದದ್ದು, ಯಾರು ಯಾವಾಗ ಹಿಂದಿರುಗಿಸಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಇಲ್ಲಿ ವಿವರಿಸುತ್ತಿರುವ ಪ್ರಕರಣದಲ್ಲಿ ನಾನು ಹಣ ಕಳೆದುಕೊಂಡ ಕುಟುಂಬಕ್ಕೆ ವಕೀಲನಾಗಿ ನೋಟಿಸು ಬರೆದುಕೊಟ್ಟವನು. ಅವರ ಒಪ್ಪಿಗೆಯಿಂದ, ಯಾರ ಗುರುತೂ ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನಡೆದದ್ದು

ಗಂಡ ಹೆಂಡತಿ ಇಬ್ಬರೂ ದಾವಣಗೆರೆಯ ಕಡೆಯವರು. ಹೆಂಡತಿಗೆ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಗಂಡ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದರು. ಮಗಳು ಒಂದನೆಯ ತರಗತಿಗೆ. ಮೇ ತಿಂಗಳ ಮೂರನೆಯ ವಾರ ಅವರು ಪಡೀಲಿನ ಬಂಧುಗಳ ಮನೆಯಲ್ಲಿ ಇಳಿದುಕೊಂಡು ಮನೆ ಹುಡುಕಲು ಆರಂಭಿಸಿದರು. ಈ ಊರಿನಲ್ಲಿ ಮನೆ ಹುಡುಕಲು ಅದಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ. ಶಾಲೆ ತೆರೆಯುವ ಮುನ್ನ, ಮಳೆ ಹಿಡಿಯುವ ಮುನ್ನ ಸಾಮಾನು ಸಾಗಿಸಿ ಮುಗಿಸಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರಗಿನಿಂದ ಬರುವ ವಿದ್ಯಾರ್ಥಿಗಳ ಪೋಷಕರೂ ಆಗಲೇ ವಿಚಾರಿಸತೊಡಗುತ್ತಾರೆ.

ಅವರು ಸಂಪರ್ಕಿಸಿದ ಬ್ರೋಕರ್ ಮೊದಲು ಹೆಸರು ಬರೆಸಿಕೊಳ್ಳಲು 500 ರೂಪಾಯಿ ಪಡೆದರು. ಆಮೇಲೆ ತೋರಿಸಿದ ಮೂರು ಮನೆಗಳಿಗೆ ತಲಾ 300ರಂತೆ 900 ರೂಪಾಯಿ. ಮೂರನೆಯದು ಬಿಜೈಯಲ್ಲಿ, ಎರಡನೆಯ ಮಹಡಿಯ ಎರಡು ಬೆಡ್‌ರೂಮಿನ ಮನೆ. ತಿಂಗಳ ಬಾಡಿಗೆ 16,000 ರೂಪಾಯಿ, ಅಡ್ವಾನ್ಸ್ 1 ಲಕ್ಷ, ಕಮಿಷನ್ ಒಂದು ತಿಂಗಳ ಬಾಡಿಗೆ. ಮನೆಯೊಡೆಯರು ಗಲ್ಫ್‌ನಲ್ಲಿದ್ದು, ಬೀಗದ ಕೈ ಅದೇ ಬೀದಿಯಲ್ಲಿರುವ ಅವರ ಅಕ್ಕನ ಬಳಿ ಇತ್ತು. ಶನಿವಾರ ಮಧ್ಯಾಹ್ನ ಮನೆ ನೋಡಿ ಹಿಂದಿರುಗಿದ ಒಂದು ಗಂಟೆಯೊಳಗೆ ಬ್ರೋಕರ್ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿದರು: "ಮೇಡಂ, ಇವತ್ತು ಸಂಜೆ ಇನ್ನೊಂದು ಪಾರ್ಟಿ ಬರ್ಲಿಕ್ಕೆ ಉಂಟು. ನೀವು ಟೋಕನ್ ಹಾಕಿದ್ರೆ ನಾನು ಅವರಿಗೆ ಇಲ್ಲ ಅಂತ ಹೇಳ್ತೇನೆ. ಮತ್ತೆ ಯಾರಿಗೂ ತೋರಿಸುದಿಲ್ಲ, ಮನೆ ನಿಮ್ಮದೇ."

ಒಂದು ತಿಂಗಳ ಬಾಡಿಗೆಯಷ್ಟು ಟೋಕನ್, ಅಂದರೆ 16,000 ರೂಪಾಯಿ, ಅದೇ ಸಂಜೆ ಯುಪಿಐ ಮೂಲಕ ಬ್ರೋಕರ್ ಹೇಳಿದ ಒಂದು ವೈಯಕ್ತಿಕ ಖಾತೆಗೆ ಹೋಯಿತು. ಮರುದಿನ ಕರಾರುಪತ್ರದ ಟೈಪಿಂಗ್ ಮತ್ತು ಛಾಪಾ ಕಾಗದಕ್ಕೆಂದು ಇನ್ನೂ 2,000 ರೂಪಾಯಿ ಕಳುಹಿಸಿದರು. ಗಂಡ ಹೆಂಡತಿ ಇಬ್ಬರ ಆಧಾರ್ ಕಾರ್ಡ್‌ಗಳ ಫೋಟೊಗಳೂ ಹೋದವು. ಯಾವುದಕ್ಕೂ ರಶೀದಿ ಇರಲಿಲ್ಲ. ಕೇಳಿದ್ದಕ್ಕೆ, "ವಾಟ್ಸಾಪ್‌ನಲ್ಲಿ ಉಂಟಲ್ಲ, ಅದೇ ರಶೀದಿ" ಎಂಬ ಉತ್ತರ ಬಂದಿತ್ತು. ಆ ಮಾತು ಮುಂದೆ ಈ ಕುಟುಂಬಕ್ಕೆ ಅನುಕೂಲವಾಗಿಯೇ ಒದಗಿತು.

ಗುರುವಾರ ಪರದೆಗಳ ಅಳತೆ ತೆಗೆದುಕೊಳ್ಳಲು ಹೋದಾಗ ಮನೆಯೊಳಗೆ ಬೇರೆಯವರ ಸಾಮಾನು ಬಂದಿಳಿಯುತ್ತಿತ್ತು. ಮನೆಯೊಡೆಯರ ಅಕ್ಕ ಆ ಮನೆಯನ್ನು ಸೋಮವಾರವೇ ಇನ್ನೊಬ್ಬ ಬ್ರೋಕರ್ ಕರೆತಂದ ಕುಟುಂಬಕ್ಕೆ ಕೊಟ್ಟಾಗಿತ್ತು. "ಟೋಕನ್ನಾ? ಯಾರಿಗೆ ಕೊಟ್ಟದ್ದು ಮಾರಾಯ್ರೆ? ನನ್ನ ಹತ್ರ ಯಾರೂ ಹೇಳಲೇ ಇಲ್ಲ" ಎಂದು ಅವರು ಹೇಳಿದ್ದರಲ್ಲಿ ಯಾವ ಕಪಟವೂ ಇರಲಿಲ್ಲವೆಂದು ನಾನು ನಂಬುತ್ತೇನೆ. ಅವರು ನಾಲ್ಕು ಬ್ರೋಕರ್‌ಗಳಿಗೆ ಮನೆಯ ವಿಷಯ ತಿಳಿಸಿದ್ದರು, ಯಾರು ಬಂದು ಕೇಳಿದರೂ ಬೀಗದ ಕೈ ಕೊಡುತ್ತಿದ್ದರು, ಮೊದಲು ಅಡ್ವಾನ್ಸ್ ಪೂರ್ತಿ ತಂದುಕೊಟ್ಟವರಿಗೆ ಮನೆ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಬ್ರೋಕರ್‌ನ ವಾದ

ಹಣ ಹಿಂದಿರುಗಿಸಿ ಎಂದು ಕೇಳಿದಾಗ ಬ್ರೋಕರ್ ಮೂರು ಮಾತು ಹೇಳಿದರು. ಟೋಕನ್ ಎಂದರೆ ಹಿಂದಿರುಗಿಸುವ ಹಣವಲ್ಲ, ಅದು ಎಲ್ಲ ಕಡೆಯ ಪದ್ಧತಿ ಎನ್ನುವುದು ಮೊದಲನೆಯದು. ಎರಡನೆಯದು, ಕೊಟ್ಟಾರದಲ್ಲಿ ಅದೇ ಬಾಡಿಗೆಯ ಇನ್ನೊಂದು ಮನೆ ತೋರಿಸಲು ತಾವು ಸಿದ್ಧರಿದ್ದು, ಟೋಕನ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು, ಆ ಮನೆ ಬೇಡವೆಂದರೆ ಗಿರಾಕಿಯೇ ಒಪ್ಪಂದ ಮುರಿದಂತೆ ಎಂಬುದು. ಮೂರನೆಯದಾಗಿ, ಶನಿವಾರವೇ ಮನೆಯೊಡೆಯರ ಅಕ್ಕನಿಗೆ ಫೋನ್ ಮಾಡಿ ತಿಳಿಸಿದ್ದೇನೆ, ಅವರೇ ಮಾತಿಗೆ ತಪ್ಪಿದರು ಎಂದರು. ಆ ಕರೆಯ ದಾಖಲೆ ತೋರಿಸಿ ಎಂದಾಗ ತೋರಿಸಲಿಲ್ಲ.

ಬ್ರೋಕರ್‌ನ ಪಕ್ಷದಲ್ಲಿ ಹೇಳಬೇಕಾದದ್ದು ಏನೂ ಇಲ್ಲವೆಂದಲ್ಲ, ಅದನ್ನು ಹೇಳದಿದ್ದರೆ ಈ ಅಧ್ಯಯನ ಅಪೂರ್ಣವಾಗುತ್ತದೆ. ದಿನವಿಡೀ ಸ್ಕೂಟರಿನಲ್ಲಿ ಕದ್ರಿಯಿಂದ ಕುಲಶೇಖರಕ್ಕೆ, ಅಲ್ಲಿಂದ ಉರ್ವಕ್ಕೆ ಓಡಾಡಿ ಮನೆ ತೋರಿಸಿದ ಮೇಲೆ, ಮನೆ ಮೆಚ್ಚಿದವರು ಹಿಂಬಾಗಿಲಿನಿಂದ ನೇರವಾಗಿ ಮನೆಯೊಡೆಯರೊಂದಿಗೆ ಮಾತಾಡಿ ಕಮಿಷನ್ ತಪ್ಪಿಸುವುದು ಇಲ್ಲಿ ಆಗಾಗ ನಡೆಯುತ್ತದೆ. ಸುಮ್ಮನೆ ನೋಡಿ ಹೋಗುವವರೂ ಕಡಿಮೆಯಿಲ್ಲ. ತೋರಿಸಿದ್ದಕ್ಕೆ ಪೆಟ್ರೋಲ್ ಖರ್ಚು ಕೇಳುವುದನ್ನು ನಾನು ತಪ್ಪೆನ್ನಲಾರೆ, ಮೊದಲೇ ಹೇಳಿ ಕೇಳಿದರೆ ಸಾಕು. ಈ ಪ್ರಕರಣದಲ್ಲಿ ಆ 900 ರೂಪಾಯಿಗೆ ಪ್ರತಿಯಾಗಿ ಮೂರು ಮನೆಗಳನ್ನು ತೋರಿಸಲಾಗಿತ್ತು. 16,000ದ ವಿಷಯ ಹಾಗಲ್ಲ.

ಹಿಡಿದಿಡುವ ಅಧಿಕಾರ ಯಾರದು

ಟೋಕನ್ ಕೊಟ್ಟವರು ಪಡೆಯಬೇಕಾಗಿದ್ದದ್ದು ಒಂದೇ: ಆ ಮನೆ ಕೆಲವು ದಿನ ಬೇರೆಯವರಿಗೆ ಹೋಗಬಾರದು. ಅಂಥ ಭರವಸೆ ಕೊಡಬಲ್ಲವರು ಮನೆಯೊಡೆಯರು, ಇಲ್ಲವೇ ಅವರಿಂದ ಆ ಅಧಿಕಾರ ಪಡೆದವರು. ಮನೆ ತೋರಿಸುವ ಅನುಮತಿ ಇದ್ದ ಮಾತ್ರಕ್ಕೆ ಮನೆಯನ್ನು ಹಿಡಿದಿಡುವ ಅಧಿಕಾರ ಬರುವುದಿಲ್ಲ. ಇಲ್ಲಿ ಬ್ರೋಕರ್‌ಗೆ ಇದ್ದದ್ದು ಮೊದಲನೆಯದು, ಅವರು ಹಣ ಪಡೆದದ್ದು ಎರಡನೆಯದಕ್ಕೆ. ಇಡೀ ಪ್ರಕರಣದ ತಿರುಳು ಇರುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ, ಹಾಗಾಗಿ ನೋಟಿಸಿನಲ್ಲಿಯೂ ಮೊದಲು ಇದನ್ನೇ ಬರೆದೆ.

ಭಾರತೀಯ ಕರಾರು ಕಾಯ್ದೆ, 1872ರ 235ನೆಯ ಕಲಂ ಇಂಥ ಸಂದರ್ಭಕ್ಕೇ ಇದೆ. ತಾನು ಇನ್ನೊಬ್ಬರ ಅಧಿಕೃತ ಏಜೆಂಟ್ ಎಂದು ಸುಳ್ಳಾಗಿ ತೋರಿಸಿಕೊಂಡು ಮೂರನೆಯವರನ್ನು ವ್ಯವಹಾರಕ್ಕೆ ಇಳಿಸಿದವನು, ಯಾರ ಹೆಸರು ಹೇಳಿದ್ದನೋ ಅವರು ಆ ಕೃತ್ಯವನ್ನು ಒಪ್ಪಿಕೊಳ್ಳದಿದ್ದರೆ, ಅದರಿಂದ ಆದ ನಷ್ಟವನ್ನು ತಾನೇ ತುಂಬಿಕೊಡಬೇಕು. ಮನೆಯೊಡೆಯರ ಅಕ್ಕ ಟೋಕನ್ ವಿಷಯವೇ ಗೊತ್ತಿಲ್ಲವೆಂದರು. ಗಲ್ಫ್‌ನಲ್ಲಿದ್ದ ತಮ್ಮನೂ ಸಂದೇಶದ ಮೂಲಕ ಅದನ್ನೇ ಹೇಳಿದರು. "ಮನೆ ನಿಮ್ಮದೇ" ಎಂದ ಧ್ವನಿ ಸಂದೇಶವಂತೂ ಫೋನಿನಲ್ಲಿಯೇ ಉಳಿದಿತ್ತು.

ಹಾಗಿದ್ದರೆ ಮನೆಯೊಡೆಯರಿಗೆ ಹೊಣೆಯೇ ಇಲ್ಲವೇ? ಅದೇ ಕಾಯ್ದೆಯ 237ನೆಯ ಕಲಂ ಪ್ರಕಾರ, ಏಜೆಂಟ್ ಮಾಡಿದ್ದು ತನ್ನ ಅಧಿಕಾರದ ಮಿತಿಯೊಳಗಿನದೇ ಎಂದು ಹೊರಗಿನವರು ನಂಬುವಂತೆ ಯಜಮಾನನ ಮಾತು ಅಥವಾ ನಡವಳಿಕೆ ಇದ್ದರೆ ಯಜಮಾನನೂ ಬದ್ಧನಾಗುತ್ತಾನೆ. ಕೇಳಿದವರಿಗೆಲ್ಲ ಬೀಗದ ಕೈ ಕೊಡುವುದು ಅಂಥ ನಡವಳಿಕೆ ಎಂದು ವಾದಿಸಬಹುದಾಗಿತ್ತು. ನಾನು ಆ ದಾರಿ ಹಿಡಿಯಲಿಲ್ಲ. ಮನೆ ತೋರಿಸಲು ಕೀಲಿ ಕೊಡುವುದಕ್ಕೂ ಹಣ ಪಡೆಯಲು ಅಧಿಕಾರ ಕೊಡುವುದಕ್ಕೂ ಇರುವ ಅಂತರ ದೊಡ್ಡದು. ಮೇಲಾಗಿ ನಮ್ಮ ಪ್ರಮುಖ ಸಾಕ್ಷಿ ಆ ಅಕ್ಕನೇ ಆಗಿದ್ದರು. ಆದರೂ ಒಂದೇ ಮನೆಯನ್ನು ನಾಲ್ವರ ಕೈಗೆ ಕೊಟ್ಟು, ಹಣವನ್ನು ಯಾರು ಪಡೆಯಬಹುದು, ಯಾರು ಪಡೆಯಬಾರದು ಎಂಬುದನ್ನು ಹೇಳದೆ ಇರುವ ಮನೆಯೊಡೆಯರು ಈ ಅವಾಂತರಕ್ಕೆ ದಾರಿ ಮಾಡಿಕೊಡುತ್ತಾರೆ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ.

ಹಿಂದಿರುಗಿಸುವುದಿಲ್ಲ ಎಂಬ ಪದ್ಧತಿ

ಪದ್ಧತಿಯ ವಾದಕ್ಕೆ ಉತ್ತರ ಅದೇ ಕರಾರು ಕಾಯ್ದೆಯ 74ನೆಯ ಕಲಂನಲ್ಲಿದೆ. ಕರಾರು ಮುರಿದರೆ ಇಷ್ಟು ಹಣ ಎಂದು ಮೊದಲೇ ನಿಗದಿ ಮಾಡಿದ್ದರೂ, ಆ ಮಿತಿಯೊಳಗೆ ಸಮಂಜಸವಾದ ಪರಿಹಾರ ಮಾತ್ರ ಸಿಗುತ್ತದೆ. ಮೌಲಾ ಬಕ್ಸ್ ಪ್ರಕರಣದಲ್ಲಿ ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ ಪೂರೈಸುವ ಗುತ್ತಿಗೆದಾರ ನಿಜವಾಗಿಯೇ ಕರಾರು ತಪ್ಪಿದ್ದ. ಹಾಗಿದ್ದೂ ನಷ್ಟ ಎಷ್ಟಾಯಿತೆಂದು ತೋರಿಸದೆ ಅವನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಸರ್ಕಾರಕ್ಕೆ ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 1969ರಲ್ಲಿ ತೀರ್ಮಾನಿಸಿತು. 2015ರಲ್ಲಿ, ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ, ನಷ್ಟವೇ ಆಗದಿದ್ದಲ್ಲಿ 74ನೆಯ ಕಲಂ ಅಡಿ ಪರಿಹಾರದ ಪ್ರಶ್ನೆಯೇ ಇಲ್ಲವೆಂದು ಅದೇ ನ್ಯಾಯಾಲಯ ಇನ್ನಷ್ಟು ಸ್ಪಷ್ಟಪಡಿಸಿತು. ಕರಾರು ಮುರಿದವನ ಹಣವನ್ನೇ ನಷ್ಟ ತೋರಿಸದೆ ಇಟ್ಟುಕೊಳ್ಳುವಂತಿಲ್ಲವಾದರೆ, ಏನನ್ನೂ ಮುರಿಯದ, ಹೇಳಿದ ಸಮಯಕ್ಕೆ ಹೇಳಿದ ಹಣ ಕೊಟ್ಟ ನರ್ಸ್ ಒಬ್ಬರ ಹಣವನ್ನು ಪದ್ಧತಿಯ ಹೆಸರಿನಲ್ಲಿ ಇಟ್ಟುಕೊಳ್ಳಲು ಹೇಗೆ ಸಾಧ್ಯ?

ಇನ್ನೊಂದು ಮನೆ ತೋರಿಸುತ್ತೇನೆ ಎಂಬ ವಾದ ಇದಕ್ಕಿಂತಲೂ ದುರ್ಬಲ. ಟೋಕನ್ ಕೊಟ್ಟದ್ದು ಬಿಜೈಯ ಆ ಮನೆಗೆ. ಆಸ್ಪತ್ರೆಗೂ ಮಗಳ ಶಾಲೆಗೂ ಹತ್ತಿರ ಎಂಬ ಕಾರಣಕ್ಕೇ ಅವರು ಆ ಮನೆಯನ್ನು ಆರಿಸಿದ್ದರು. ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸಿಗೆ ಮನೆ ಎಲ್ಲಿದೆ ಎಂಬುದು ಬಾಡಿಗೆಯಷ್ಟೇ ಮುಖ್ಯ. ಬಾಡಿಗೆ ಒಂದೇ ಎಂದ ಮಾತ್ರಕ್ಕೆ ಮನೆ ಒಂದೇ ಆಗುವುದಿಲ್ಲ.

ಎಲ್ಲಿ ದೂರು ಕೊಡುವುದು

ಕುಟುಂಬ ಮೊದಲು ಹೋದದ್ದು ಪೊಲೀಸ್ ಠಾಣೆಗೆ. ಇದು ಸಿವಿಲ್ ವ್ಯವಹಾರ ಎಂಬ ಉತ್ತರ ಸಿಕ್ಕಿತು. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಅಡಿ ವಂಚನೆ ಎನ್ನಬೇಕಾದರೆ ಹಣ ಪಡೆಯುವ ಹೊತ್ತಿನಲ್ಲಿಯೇ ಮೋಸದ ಉದ್ದೇಶ ಇತ್ತೆಂದು ತೋರಬೇಕು. ಒಂದೇ ಮನೆಗೆ ಹಲವರಿಂದ ಟೋಕನ್ ಪಡೆದಿದ್ದರೆ ಅಂಥ ಉದ್ದೇಶ ಎದ್ದು ಕಾಣುತ್ತಿತ್ತು. ಇಲ್ಲಿ ಹಾಗೆ ನಡೆದದ್ದಕ್ಕೆ ಆಧಾರ ಸಿಗಲಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ, 1999ರಲ್ಲಿ ಬಾಡಿಗೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆಂಬ ವಿಧಿ ಇದೆ. ಆದರೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ, ಮಂಗಳೂರಿನಲ್ಲಿ ಇಂದು ಆ ದರಕ್ಕೆ ಒಂದು ಕುಟುಂಬ ವಾಸಿಸಬಹುದಾದ ಮನೆ ಸಿಗುವುದು ಕಷ್ಟ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಅಡಿ ಏಜೆಂಟರ ನೋಂದಣಿ ಇರುವುದು ಮಾರಾಟದ ವ್ಯವಹಾರಗಳಿಗೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳ ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ, ಆದರೆ ರಾಜ್ಯ ತನ್ನ ಕಾನೂನಾಗಿ ಅದನ್ನು ಅಳವಡಿಸಿಕೊಳ್ಳದೆ ಅದಕ್ಕೆ ಇಲ್ಲಿ ಬಲವಿಲ್ಲ. ಇಷ್ಟು ಕಾನೂನುಗಳಿದ್ದೂ, ಸಂಬಳದ ದಿನ ನೋಡಿ ಟೋಕನ್ ಕೊಡುವ ಮಧ್ಯಮ ವರ್ಗದ ಬಾಡಿಗೆದಾರರು ಎಲ್ಲದರ ನಡುವಿನ ಸಂದಿಯಲ್ಲಿ ನಿಂತಿರುವುದು ನನಗೆ ತೀರಾ ಅನ್ಯಾಯವೆಂದೇ ತೋರುತ್ತದೆ.

ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಗೆ ಬಂದ ಬಾಡಿಗೆದಾರರ ಶುಲ್ಕ ಕಾಯ್ದೆ ಈ ಸಂದಿಯನ್ನು ನೇರವಾಗಿ ಮುಚ್ಚಿತು. ಮನೆ ತೋರಿಸಲು, ಹೆಸರು ಬರೆಸಲು, ಕರಾರು ಬರೆಯಲು ಬಾಡಿಗೆದಾರರಿಂದ ಹಣ ಪಡೆಯುವುದೇ ಅಲ್ಲಿ ನಿಷಿದ್ಧ. ಮನೆ ಹಿಡಿದಿಡುವ ಠೇವಣಿ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಬೇರೆ ದಿನಾಂಕ ಬರಹದಲ್ಲಿ ಒಪ್ಪಿಕೊಳ್ಳದಿದ್ದರೆ 15 ದಿನಗಳೊಳಗೆ ಕರಾರಿನ ವಿಷಯ ಇತ್ಯರ್ಥವಾಗಬೇಕು. ಮನೆಯೊಡೆಯರ ಕಡೆಯಿಂದ ವ್ಯವಹಾರ ತಪ್ಪಿದರೆ 7 ದಿನಗಳೊಳಗೆ ಹಣ ಹಿಂದಿರುಗಬೇಕು. ಬಿಜೈಯ ಈ ಪ್ರಕರಣಕ್ಕೆ ಆ ಅಳತೆ ಹಿಡಿದರೆ 16,000ದ ಬದಲು ಸುಮಾರು 3,700 ರೂಪಾಯಿ ಮಾತ್ರ ಕೈದಾಟುತ್ತಿತ್ತು, ಅದೂ ವಾರದೊಳಗೆ ಮರಳುತ್ತಿತ್ತು.

ನಮಗೆ ಉಳಿದಿದ್ದ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಕೊಟ್ಟ ಅಥವಾ ಕೊಡುತ್ತೇನೆಂದ ಹಣಕ್ಕೆ ಪ್ರತಿಯಾಗಿ ಮನೆ ಹುಡುಕಿಕೊಡುವುದು ಒಂದು ಸೇವೆ. ಅದರಲ್ಲಿ ಕೊರತೆಯಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಘಟನೆಯಿಂದ 2 ವರ್ಷಗಳ ಕಾಲಾವಕಾಶವಿದೆ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ನಿಗದಿತ ರೀತಿಯಲ್ಲಿ ರಶೀದಿ ಕೊಡದಿರುವುದನ್ನು ಕೂಡ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುವುದು ಅದಕ್ಕಿಂತಲೂ ಸುಲಭದ ಮೊದಲ ಹೆಜ್ಜೆ.

ಇತ್ಯರ್ಥ

ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ಹದಿನೈದು ದಿನಗಳ ಗಡುವು ಕೊಟ್ಟೆವು. ಅದರೊಂದಿಗೆ ಯುಪಿಐ ಪಾವತಿಯ ವಿವರ, ಧ್ವನಿ ಸಂದೇಶದ ಬರಹರೂಪ, ಮನೆಯೊಡೆಯರ ಸಂದೇಶ, ಆಯೋಗಕ್ಕೆ ಸಲ್ಲಿಸಲು ಸಿದ್ಧಪಡಿಸಿದ್ದ ದೂರಿನ ಪ್ರತಿ ಇದ್ದವು. ಮೂಲ ಸಂದೇಶಗಳಿದ್ದ ಫೋನನ್ನು ಬದಲಾಯಿಸಬೇಡಿ, ಏನನ್ನೂ ಅಳಿಸಬೇಡಿ ಎಂದು ಕುಟುಂಬಕ್ಕೆ ತಿಳಿಸಿದ್ದೆ. ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಮುಂದಿಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರದ ಪ್ರಮಾಣಪತ್ರ ಬೇಕಾಗಬಹುದು, ಅದನ್ನು ಬರೆಯುವಾಗ ಮೂಲ ಸಾಧನದ ವಿವರ ಇರಬೇಕು.

ಬರಹದಲ್ಲಿ ಉತ್ತರ ಬರಲಿಲ್ಲ, ಫೋನ್ ಬಂತು. ಗಡುವಿನ ಕೊನೆಯ ದಿನ 8,000 ರೂಪಾಯಿ, ಮುಂದಿನ ತಿಂಗಳು ಉಳಿದ 8,000 ಮತ್ತು ಕೊಳ್ಳದೇ ಇದ್ದ ಛಾಪಾ ಕಾಗದದ 2,000 ಸೇರಿ 10,000 ರೂಪಾಯಿ ಖಾತೆಗೆ ಮರಳಿತು. ಹೆಸರು ಬರೆಸಿದ 500 ಮತ್ತು ಮನೆ ತೋರಿಸಿದ 900 ಮರಳಲಿಲ್ಲ, ಅದನ್ನು ಕುಟುಂಬವೂ ಕೇಳಲಿಲ್ಲ. ದೂರು ಸಲ್ಲಿಸಿ ಆಯೋಗದಿಂದ ಒಂದು ಆದೇಶ ಪಡೆಯೋಣ, ಮುಂದಿನವರಿಗೆ ಅದು ದಾರಿಯಾಗುತ್ತದೆ ಎಂದು ನಾನು ಒತ್ತಾಯಿಸಿ ನೋಡಿದೆ. ಪಾಳಿ ಕೆಲಸ, ಮಗಳ ಹೊಸ ಶಾಲೆ, ಪರಿಚಯವಿಲ್ಲದ ಊರು. ಹಣ ಬಂದ ಮೇಲೆ ವಿಚಾರಣೆಗೆ ಓಡಾಡಲು ಅವರಿಗೆ ಮನಸ್ಸಿರಲಿಲ್ಲ, ಅದು ಅವರ ಹಕ್ಕು. ಆದರೆ ಹೀಗೆ ಒಂದೊಂದೂ ಫೋನಿನಲ್ಲೇ ಮುಗಿದುಹೋಗುವುದರಿಂದ, ಅದೇ ಬ್ರೋಕರ್ ಬಳಿಗೆ ಮುಂದಿನ ಮೇ ತಿಂಗಳಲ್ಲಿ ಹೋಗುವವರಿಗೆ ಎಚ್ಚರಿಸಲು ಯಾವ ದಾಖಲೆಯೂ ಉಳಿಯುವುದಿಲ್ಲ ಎಂಬ ನೋವು ನನಗಿದೆ.

ಆಧಾರ್ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕರಾರು ಆಗುವ ಮೊದಲೇ ಇಬ್ಬರ ಪೂರ್ಣ ಸಂಖ್ಯೆಯ ಕಾರ್ಡ್‌ಗಳು ಬ್ರೋಕರ್‌ನ ಫೋನಿಗೆ ಹೋಗಿದ್ದವು. ಅಳಿಸಿದ್ದೇನೆ ಎಂದು ಅವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬಿಟ್ಟರೆ ಬೇರೆ ಖಾತರಿಯಿಲ್ಲ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ ಮಾಡಿದ ಆಧಾರ್ ಪ್ರತಿಯನ್ನು ಯುಐಡಿಎಐ ಜಾಲತಾಣದಿಂದ ಯಾರು ಬೇಕಾದರೂ ತಮ್ಮದನ್ನು ಇಳಿಸಿಕೊಳ್ಳಬಹುದು. ಕರಾರು ಬರೆಯುವ ಹಂತ ಬರುವವರೆಗೆ ಅದಕ್ಕಿಂತ ಹೆಚ್ಚಿನದನ್ನು ಕೊಡುವ ಅಗತ್ಯ ಯಾರಿಗೂ ಇಲ್ಲ.

ಜೂನ್ ಮಧ್ಯದಲ್ಲಿ, ಮಳೆಯ ನಡುವೆಯೇ, ಅವರು ಶಕ್ತಿನಗರದಲ್ಲಿ ಇನ್ನೊಬ್ಬ ಬ್ರೋಕರ್ ಮೂಲಕ ಬೇರೆ ಮನೆ ನೋಡಿದರು. ಅಲ್ಲಿಯೂ ಟೋಕನ್ ಕೇಳಿದಾಗ, ಕೊಡುವ ಮುನ್ನ ಸಹಿಗಾಗಿ ನಾನು ಬರೆದುಕೊಟ್ಟ ಒಕ್ಕಣೆ ಹೀಗಿತ್ತು: "ಮೇಲೆ ವಿವರಿಸಿದ ಮನೆಯನ್ನು ಈ ತಿಂಗಳ 25ರವರೆಗೆ ಬೇರೆ ಯಾರಿಗೂ ಕೊಡುವುದಿಲ್ಲವೆಂಬ ಷರತ್ತಿನ ಮೇಲೆ 5,000 ರೂಪಾಯಿಗಳನ್ನು ಮನೆಯೊಡೆಯರ ಪರವಾಗಿ, ಅವರ ಒಪ್ಪಿಗೆ ಪಡೆದು ಸ್ವೀಕರಿಸಿದ್ದೇನೆ. ಕರಾರು ಆದರೆ ಈ ಹಣವನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳತಕ್ಕದ್ದು. ಮನೆಯೊಡೆಯರ ಕಾರಣದಿಂದ ಅಥವಾ ನನ್ನ ಕಾರಣದಿಂದ ಕರಾರು ಆಗದಿದ್ದರೆ ಮೂರು ದಿನಗಳೊಳಗೆ ಪೂರ್ತಿ ಹಿಂದಿರುಗಿಸುತ್ತೇನೆ." ಬ್ರೋಕರ್ ಅದನ್ನು ಎರಡು ಬಾರಿ ಓದಿ, ಸಹಿ ಹಾಕುವ ಮುನ್ನ ಸ್ಪೀಕರ್‌ನಲ್ಲಿ ಮನೆಯೊಡೆಯರಿಗೆ ಫೋನ್ ಮಾಡಿದರು. ಹಣವನ್ನು ನೇರ ತಮ್ಮ ಖಾತೆಗೇ ಹಾಕಲಿ, ಅಂಥ ಚೀಟಿಯನ್ನು ತಾವೇ ಬರೆದುಕೊಡುತ್ತೇವೆ ಎಂದು ಮನೆಯೊಡೆಯರು ಹೇಳಿದರು. ಹಾಗೆಯೇ ಆಯಿತು, ಕರಾರುಪತ್ರದ ಅಡ್ವಾನ್ಸ್ ಕಲಂನಲ್ಲಿ ಆ 5,000 ದಿನಾಂಕ ಸಹಿತ ನಮೂದಾಗಿದೆ.